ಕರಿ ಸೀರೆಯ ಮೇಲೆ ಎಳೆ ಎಣಿಸುವ ಬೆಳಕು: ಧಾರವಾಡದ ಕಸೂತಿ ಕೋಣೆಯೊಂದಕ್ಕೆ ಮಾಡಿದ ದೀಪಗಳು

ಧಾರವಾಡದ ಹಳೇ ಭಾಗದ ಒಂದು ಮನೆ. ದಪ್ಪ ಮಣ್ಣಿನ ಗೋಡೆ, ಹೊಗೆ ಹಿಡಿದ ಕಟ್ಟಿಗೆಯ ಮಾಳಿಗೆ, ಪೂರ್ವಕ್ಕೆ ಒಂದೇ ಕಿಟಕಿ. 12 ಅಡಿ ಅಗಲ, 20 ಅಡಿ ಉದ್ದದ ಪಡಸಾಲೆಯಲ್ಲಿ ಆರು ಮಂದಿ ಹೆಣ್ಣುಮಕ್ಕಳು ಚಾಪೆ ಹಾಸಿಕೊಂಡು ಕಸೂತಿ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಬೆಳಕು ಮುಗಿಯುತ್ತದೆ. ಆಮೇಲೆ ಇರುವುದು ಮಾಳಿಗೆಯ ತೊಲೆಗೆ ಬಡಿದ ಎರಡು 20 ವ್ಯಾಟಿನ ಎಲ್‌ಇಡಿ ಟ್ಯೂಬು. ಬಿಳಿ ದುಪ್ಪಟ್ಟಾ, ಕುಶನ್ ಕವರ್‌ಗಳ ಕೆಲಸ ಅಷ್ಟರಲ್ಲೇ ನಡೆಯುತ್ತಿತ್ತು. ತಕರಾರು ಬಂದದ್ದು ಚಂದ್ರಕಾಳಿ ಸೀರೆಗಳ ಕೆಲಸ ಬಂದಾಗ. ಕರಿ ರೇಷ್ಮೆ, ಅದರ ಮೇಲೆ ಕೆಂಪು, ಹಸಿರು, ಕಿತ್ತಳೆ ದಾರ. ಸಂಜೆಯ ಕೆಲಸ ಅರ್ಧಕ್ಕರ್ಧ ಬೆಳಿಗ್ಗೆ ಬಿಚ್ಚುವುದೇ ಆಗತೊಡಗಿತು.

ಕಸೂತಿಯಲ್ಲಿ ಬೆಳಕಿನ ಕೊರತೆ ಬೇರೆ ಹೊಲಿಗೆಗಿಂತ ಯಾಕೆ ಹೆಚ್ಚು ಕಾಡುತ್ತದೆ ಎಂಬುದಕ್ಕೆ ಕಾರಣವಿದೆ. ಸಂಪ್ರದಾಯದ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಗಂಟೂ ಹಾಕುವುದಿಲ್ಲ. ಗೋಪುರವಿರಲಿ, ತುಳಸಿಕಟ್ಟೆಯಿರಲಿ, ಆನೆ ಅಂಬಾರಿಯಿರಲಿ, ಎಲ್ಲವೂ ನೇಯ್ಗೆಯ ಎಳೆ ಎಣಿಸಿಯೇ ಮೂಡಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ತುಂಬಾ ನಿಷ್ಠುರ. ಹೋಗುವಾಗ ಒಂದು ಬಿಟ್ಟು ಒಂದು ಹಾಕಿದ ಗೆರೆ, ಮರಳುವಾಗ ಬಿಟ್ಟ ಜಾಗ ತುಂಬಿಕೊಂಡು ಬರಬೇಕು; ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಶುರುವಿನಲ್ಲಿ ಒಂದು ಎಳೆ ತಪ್ಪಿದರೆ ಅದು ಗೊತ್ತಾಗುವುದು ಚಿತ್ರ ಮುಚ್ಚುವಾಗ. ಅಷ್ಟರಲ್ಲಿ ನಾಲ್ಕು ಬೆರಳಿನಷ್ಟು ಕೆಲಸ ಆಗಿರುತ್ತದೆ. ಬಿಚ್ಚಿದರೆ ಕರಿ ರೇಷ್ಮೆಯ ಮೇಲೆ ಸೂಜಿಯ ಗುರುತು ಉಳಿಯುತ್ತದೆ.

ಲಕ್ಸ್ ಮೀಟರ್ ಮಡಿಲ ಮಟ್ಟದಲ್ಲಿ ಹಿಡಿದು ನೋಡಿದರೆ 90 ಲಕ್ಸ್. ಹೆಂಗಸರು ಬಾಗಿದಾಗ ತಲೆಯ ನೆರಳು ಬಿದ್ದು 55ಕ್ಕೆ ಇಳಿಯುತ್ತದೆ. ಸೂಕ್ಷ್ಮ ಸೂಜಿ ಕೆಲಸಕ್ಕೆ ಸಾಮಾನ್ಯವಾಗಿ 1000ದಿಂದ 1500 ಲಕ್ಸ್ ಬೇಕೆನ್ನುತ್ತಾರೆ. ಆದರೆ ಇಲ್ಲಿ ಲಕ್ಸ್ ಅರ್ಧ ಕತೆ ಮಾತ್ರ. ಲಕ್ಸ್ ಎಂದರೆ ಬಟ್ಟೆಯ ಮೇಲೆ ಬಿದ್ದ ಬೆಳಕು. ಕಣ್ಣಿಗೆ ಬರುವುದು ಬಟ್ಟೆ ವಾಪಸು ಕೊಟ್ಟಷ್ಟು. ಬಿಳಿ ಹತ್ತಿ ಸುಮಾರು ನೂರಕ್ಕೆ 80 ಪಾಲು ವಾಪಸು ಕೊಟ್ಟರೆ ಕರಿ ಬಟ್ಟೆ ಕೊಡುವುದು 5ರ ಆಸುಪಾಸು. ಲೆಕ್ಕ ಹಾಕಿ: 90 ಲಕ್ಸ್ ಬಿದ್ದ ಬಿಳಿ ಬಟ್ಟೆಯ ಹೊಳಪು ಚದರ ಮೀಟರಿಗೆ ಸುಮಾರು 23 ಕ್ಯಾಂಡೆಲಾ. 1000 ಲಕ್ಸ್ ಬಿದ್ದ ಕರಿ ಬಟ್ಟೆಯದು 16. ಅಂದರೆ ಪುಸ್ತಕದಲ್ಲಿ ಹೇಳಿದ ಬೆಳಕನ್ನು ಪೂರ್ತಿ ಕೊಟ್ಟರೂ ಕರಿ ಸೀರೆ, ಹಳೇ ಟ್ಯೂಬಿನ ಕೆಳಗಿನ ಬಿಳಿ ದುಪ್ಪಟ್ಟಾಕ್ಕಿಂತ ಮಬ್ಬಾಗಿಯೇ ಕಾಣುತ್ತದೆ. ಇದರ ಮೇಲೆ ವಯಸ್ಸು. ಅರವತ್ತು ದಾಟಿದವರ ಕಣ್ಣಿನ ಪಾಪೆ ಸಣ್ಣದಾಗಿ, ಮಸೂರ ಹಳದಿಯಾಗಿ, ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಸುಮಾರು ಮೂರರಲ್ಲಿ ಒಂದು ಪಾಲು ಬೆಳಕಷ್ಟೇ ಒಳಗೆ ಹೋಗುತ್ತದೆ. ಆರು ಮಂದಿಯಲ್ಲಿ ಇಬ್ಬರು ಆ ವಯಸ್ಸಿನವರು, ಕೈ ಎಲ್ಲರಿಗಿಂತ ಪಳಗಿದ್ದೂ ಅವರದೇ.

ಮೊದಲ ಉಪಾಯ ಪೇಟೆಯಲ್ಲಿ ಸಿಗುವ ಕ್ಲಿಪ್ ದೀಪ. ಬಾಗುವ ಕೊಳವೆ ಕತ್ತು, ತುದಿಗೆ ದುಂಡನೆಯ ಎಲ್‌ಇಡಿ ತಲೆ, ಯುಎಸ್‌ಬಿ ವೈರು. ಅವು ಸೋತ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈಗಿನ ದೀಪದ ಒಂದೊಂದು ಭಾಗವೂ ಅಲ್ಲಿಂದಲೇ ಹುಟ್ಟಿದೆ.

ನೆಲದ ಮೇಲೆ ಕೂರುವವರಿಗೆ ಕ್ಲಿಪ್ ಹಾಕಲು ಮೇಜೇ ಇಲ್ಲ. ಮಣೆಗೆ ಸಿಕ್ಕಿಸಿದರೆ ಮಣೆಯೇ ಎದ್ದು ಬೀಳುತ್ತದೆ. ಕತ್ತಿನ ಕೊಳವೆಯೊಳಗೆ ದುಂಡು ತಂತಿಯ ಸುರುಳಿ, ಅದರ ಸಂದಿಗೆ ಬಿಗಿದ ತ್ರಿಕೋನ ತಂತಿ. ಎರಡರ ತಿಕ್ಕಾಟದ ಮೇಲೆ ಕತ್ತು ನಿಲ್ಲುತ್ತದೆ. ದಿನಕ್ಕೆ ಹತ್ತಾರು ಸಲ ಬಗ್ಗಿಸಿದರೆ ಆ ತಿಕ್ಕಾಟ ಸವೆಯುತ್ತದೆ, ತಲೆ ಮೆಲ್ಲಗೆ ಜೋಲುತ್ತದೆ. ತಲೆಯೊಳಗೆ ಮರೆಯಿಲ್ಲದ 24 ಎಲ್‌ಇಡಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಸೂಜಿಗೆ ತನ್ನದೊಂದು ನೆರಳು ಕೊಡುತ್ತದೆ. ಸೂಜಿಯ ತುದಿ ಎಲ್ಲಿ ಬಟ್ಟೆ ಮುಟ್ಟಿತು ಎಂಬುದೇ ತಿಳಿಯದು. ಬೆಳಕು ನೀಲಿ ಛಾಯೆಯ 6500 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ; ಅಂಕೆ ಏರಿದಷ್ಟೂ ನೀಲಿ, ಇಳಿದಷ್ಟೂ ಹಳದಿ). ಕಡುಗೆಂಪು ದಾರ ಕಂದಾಗಿ ಕಂಡಿತು. ಮಂದ ಮಾಡುವ ಗುಂಡಿ ಒತ್ತಿದರೆ ಸೂಜಿ ಎಳೆಯುವಾಗ ತುಂಡು ತುಂಡಾಗಿ ಹೋದಂತೆ ಕಾಣುವುದು ಬೇರೆ. ಅಗ್ಗದ ಡಿಮ್ಮರ್ ಬೆಳಕನ್ನು ಕಡಿಮೆ ಮಾಡುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಆರಿಸಿ ಹಚ್ಚುತ್ತದೆ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾ ಹಿಡಿದರೆ, ಇಲ್ಲವೇ ದೀಪದ ಕೆಳಗೆ ಪೆನ್ಸಿಲ್ ಜೋರಾಗಿ ಅಲ್ಲಾಡಿಸಿದರೆ ಇದು ಕಣ್ಣಿಗೇ ಬೀಳುತ್ತದೆ. ಡ್ರೈವರ್, ಅಂದರೆ ಕರೆಂಟನ್ನು ಸಮ ಮಾಡುವ ಸರ್ಕ್ಯೂಟ್, ಇಲ್ಲದ ಅಗ್ಗದ ಬಲ್ಬುಗಳಲ್ಲೂ ಇದೇ ರೋಗ, ಅಲ್ಲಿ ಸೆಕೆಂಡಿಗೆ 100 ಸಲ.

ಇದೆಲ್ಲ ಸರಿಪಡಿಸಬಹುದಾದ ಕುಂದು. ಆದರೆ ಕ್ಲಿಪ್ ದೀಪ ತಲೆಯ ಮೇಲಿಂದ ಹಿಡಿದಾಗ ಹಿರಿಯರೊಬ್ಬರು ಹೇಳಿದ ಮಾತಿನಲ್ಲಿ ಇಡೀ ಪ್ರಕರಣದ ತಿರುಳಿತ್ತು: “ದೀಪಾ ಹಚ್ಚಿದರ ಸೀರೀ ಹೊಳಿತೈತ್ರಿ, ಎಳಿ ಕಾಣೂದಿಲ್ರಿ.”

ಎಳೆ ಕಾಣುವುದು ಓರೆ ಬೆಳಕಿಗೆ

ರೇಷ್ಮೆಯ ಎಳೆ ನಯವಾದದ್ದು. ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಬಿಳಿ ಬಟ್ಟೆಯಲ್ಲಿ ಈ ಹೊಳಪು ಗಮನಕ್ಕೇ ಬರುವುದಿಲ್ಲ. ಮಿಕ್ಕ ಬೆಳಕು ಅಷ್ಟಿರುತ್ತದೆ. ಕರಿ ಬಟ್ಟೆಯಲ್ಲಿ ಚದುರಿ ಬರುವ ಬೆಳಕು ಬರೀ ನೂರಕ್ಕೆ 5 ಆದ್ದರಿಂದ ಹೊಳಪೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಕಸೂತಿ ಹಾಕುವವರ ಕಣ್ಣು ಬಟ್ಟೆಯನ್ನು ಸುಮಾರು 65 ಡಿಗ್ರಿ ಮೇಲಿಂದ ನೋಡುತ್ತದೆ. ದೀಪವೂ ತಲೆಯ ಹತ್ತಿರ, ನೆತ್ತಿಯ ಮೇಲೆ ಇದ್ದರೆ ಹೊಳಪು ನೆಟ್ಟಗೆ ಕಣ್ಣಿಗೇ ವಾಪಸು. ವ್ಯಾಟ್ ಹೆಚ್ಚಿಸಿದಷ್ಟೂ ಹೊಳಪು ಹೆಚ್ಚೇ ವಿನಾ ಎಳೆ ಕಾಣುವುದಿಲ್ಲ.

ಸಣ್ಣ ಟಾರ್ಚ್ ಹಿಡಿದು ಕೋನ ಬದಲಿಸುತ್ತ ಹೋದಾಗ ಚಿತ್ರ ಸ್ಪಷ್ಟವಾಯಿತು. ಬಟ್ಟೆಯ ಮಟ್ಟದಿಂದ 80 ಡಿಗ್ರಿಯಲ್ಲಿ ಬರೀ ಥಳಕು. 45ಕ್ಕೆ ಇಳಿಸಿದರೆ ಪರವಾಗಿಲ್ಲ. 25ರಿಂದ 35 ಡಿಗ್ರಿಯ ಓರೆಯಲ್ಲಿ ಒಂದೊಂದು ಎಳೆಯ ಬೆನ್ನೂ ಬೆಳಗಿ ಪಕ್ಕದ ಸಂದು ಕಪ್ಪಾಗಿ ಉಳಿಯುತ್ತದೆ, ಎಣಿಕೆ ಸಲೀಸು. 15ಕ್ಕಿಂತ ಕೆಳಗೆ ಹೋದರೆ ಬಟ್ಟೆಯ ಸುಕ್ಕಿನ ನೆರಳೇ ಉದ್ದುದ್ದ ಬಿದ್ದು ಕೆಡುತ್ತದೆ. ಬಲಗೈಯಲ್ಲಿ ಸೂಜಿ ಹಿಡಿಯುವವರಿಗೆ ದೀಪ ಎಡ ಮುಂದುಗಡೆ, ಗಡಿಯಾರದ 10ರ ಜಾಗದಲ್ಲಿರಬೇಕು. ನೇರ ಎಡಕ್ಕಿಟ್ಟರೆ ಬಟ್ಟೆ ಹಿಡಿದ ಎಡಗೈ ಅಡ್ಡ ಬರುತ್ತದೆ. ಬಟ್ಟೆ ದೀಪದ ಕಡೆಗೆ ಹೆಚ್ಚು ವಾಲಿದರೆ ಹೊಳಪು ಮತ್ತೆ ಕಣ್ಣಿಗೆ ಹೊರಳುತ್ತದೆ. ಆಗ ದೀಪ ಸರಿಸುವುದಕ್ಕಿಂತ ಮೊಣಕಾಲು ಸರಿಸುವುದು ಸುಲಭ.

ಓರೆಗೆ ಬೆಲೆ ತೆರಬೇಕು. ಅದೇ ದೀಪ, ಅದೇ ದೂರ. ನೆಟ್ಟಗೆ ಬಿದ್ದಾಗ ಸಿಗುವ ಬೆಳಕಿನಲ್ಲಿ 30 ಡಿಗ್ರಿ ಓರೆಗೆ ಅರ್ಧ ಮಾತ್ರ ಬಟ್ಟೆಗೆ ದಕ್ಕುತ್ತದೆ. ಅದನ್ನು ತುಂಬಲು ವ್ಯಾಟ್ ಏರಿಸುವ ಬದಲು ದೀಪವನ್ನು ಹತ್ತಿರ ತಂದರಾಯಿತು. 25 ಸೆಂ.ಮೀ. ದೂರ, 30 ಡಿಗ್ರಿ ಓರೆ ಎಂದರೆ ದೀಪದ ತಲೆ ಮಡಿಲಿಗಿಂತ ಬರೀ 12-13 ಸೆಂ.ಮೀ. ಮೇಲೆ, ನೆಲದಿಂದ ಸುಮಾರು 38 ಸೆಂ.ಮೀ. ಎತ್ತರದಲ್ಲಿ. ಇಷ್ಟು ಕುಳ್ಳ ದೀಪ ಅಂಗಡಿಯಲ್ಲಿ ಸಿಗುವುದಿಲ್ಲ. ಅಲ್ಲಿರುವವೆಲ್ಲ ಮೇಜಿನ ಲೆಕ್ಕದವು. ಕುಳ್ಳತನದಿಂದ ಇನ್ನೊಂದು ಲಾಭವೂ ಆಯಿತು: ತಲೆ ಕಣ್ಣಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಶೇಡಿನ ಅಂಚು ಸರಿಯಿದ್ದರೆ ಉರಿಯುವ ಭಾಗ ಕೂತವರ ಕಣ್ಣಿಗೆ ಬೀಳುವುದೇ ಇಲ್ಲ.

ಬೆಳಕಿನ ಭಾಗ

ಮೂಲ 24 ವೋಲ್ಟಿನ ಎಲ್‌ಇಡಿ ಪಟ್ಟಿ: 2835 ಅಳತೆಯ ಚಿಪ್, ಮೀಟರಿಗೆ 120, ಮೀಟರಿಗೆ 14.4 ವ್ಯಾಟ್, 4000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರ ಲೆಕ್ಕದ ಅಂಕ) 90ಕ್ಕೆ ಮೇಲೆ. 300 ಮಿ.ಮೀ. ಉದ್ದದ ಎರಡು ತುಂಡು ಅಕ್ಕಪಕ್ಕ, ಒಟ್ಟು 8.6 ವ್ಯಾಟ್. ಲ್ಯೂಮೆನ್ ಎಂದರೆ ದೀಪದಿಂದ ಹೊರಡುವ ಒಟ್ಟು ಬೆಳಕು; ವ್ಯಾಟಿಗೆ 95 ಲ್ಯೂಮೆನ್ ಹಿಡಿದರೆ 820. ಹಾಲುಬಣ್ಣದ ಅಕ್ರಿಲಿಕ್ ದಾಟಿ ಹೊರಬರುವುದು 640ರಷ್ಟು. 25 ಸೆಂ.ಮೀ.ನಲ್ಲಿ ನೆಟ್ಟಗೆ 2600 ಲಕ್ಸಿನ ಮೇಲೆ, 30 ಡಿಗ್ರಿ ಓರೆಗೆ 1300ರ ಸುಮಾರು. ಧೂಳು, ಸವಕಳಿಗೆ ಐದರಲ್ಲಿ ಒಂದು ಪಾಲು ಕಳೆದರೂ 1000 ಉಳಿಯುತ್ತದೆ.

ಉದ್ದನೆಯ ಪಟ್ಟಿಯನ್ನು ಆರಿಸಿದ್ದು ನೆರಳಿಗಾಗಿ. ಚುಕ್ಕೆಗಳನ್ನು ಹಾಲುಬಣ್ಣದ ಹಾಳೆ ಒಂದಾಗಿಸಿದರೆ ಸೂಜಿಗೆ ಒಂದೇ ಮೆತ್ತನೆಯ ನೆರಳು. ಇದಕ್ಕೆ ಹಾಳೆ ಮತ್ತು ಚಿಪ್ಪಿನ ನಡುವೆ ತೆರಪು ಬೇಕು. ಮೀಟರಿಗೆ 120 ಎಂದರೆ ಚಿಪ್ಪಿನಿಂದ ಚಿಪ್ಪಿಗೆ 8.3 ಮಿ.ಮೀ.; ತೆರಪು ಅದರ ಒಂದೂವರೆ ಪಟ್ಟು, 12 ಮಿ.ಮೀ. ಮೀಟರಿಗೆ 60 ಇರುವ ಅಗ್ಗದ ಪಟ್ಟಿ ಹಾಕಿದರೆ ತೆರಪು 25 ಮಿ.ಮೀ. ಆಗಬೇಕು, ತಲೆ ದಪ್ಪವಾಗುತ್ತದೆ, ಕೈಗೆ ಅಡ್ಡ ಬರುತ್ತದೆ. ಅಕ್ರಿಲಿಕ್ 3 ಮಿ.ಮೀ. ದಪ್ಪದ್ದು. ಪಾಲಿಕಾರ್ಬೊನೇಟ್ ಗಟ್ಟಿಯೇನೋ ಹೌದು, ಆದರೆ ಹಳದಿಗಟ್ಟುವುದು ಬೇಗ. ಬಣ್ಣ ನೋಡುವ ದೀಪಕ್ಕೆ ಅದು ಬೇಡ.

ಸಿಆರ್‌ಐ 80ರ ಪಟ್ಟಿ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ, 90ರದ್ದನ್ನು ಕೇಳಿ ತರಿಸಬೇಕು. ತರಿಸಬೇಕಾದ ಕಾರಣ ಕೆಂಪು. ಸಿಆರ್‌ಐ ಲೆಕ್ಕದ ಎಂಟು ಬಣ್ಣಗಳೂ ತಿಳಿಛಾಯೆಯವು; ಗಾಢ ಕೆಂಪನ್ನು ಆರ್9 ಎಂದು ಬೇರೆಯಾಗಿ ಅಳೆಯುತ್ತಾರೆ, 80ರ ಪಟ್ಟಿಯಲ್ಲಿ ಅದು ಸೊನ್ನೆಯ ಹತ್ತಿರವೂ ಇರಬಹುದು. ಆರ್9 ಕನಿಷ್ಠ 50 ಎಂದು ಹೇಳಿಯೇ ಕೊಳ್ಳಬೇಕು. ಕೋಣೆಯಲ್ಲಿ ಮಾಡಿದ ಪರೀಕ್ಷೆ ಸರಳ: ಕಡುಗೆಂಪು ಮತ್ತು ಕಂದು, ಕಡುನೀಲಿ ಮತ್ತು ಕಪ್ಪು, ಕಡುಹಸಿರು ಮತ್ತು ನೀಲಿ, ಹೀಗೆ ಮೂರು ಜೋಡಿ ದಾರವನ್ನು ಕರಿ ಬಟ್ಟೆಯ ಮೇಲಿಟ್ಟು ಬೆಳಗಿನ ಕಿಟಕಿಯಲ್ಲಿ ನೋಡುವುದು, ಆಮೇಲೆ ದೀಪದಲ್ಲಿ. 3000 ಕೆಲ್ವಿನ್ನಿನ ಹಳದಿ ಬೆಳಕು ಕೆಂಪಿಗೆ ಚೆಂದ, ಕಡುನೀಲಿಯನ್ನು ಕಪ್ಪಿನಲ್ಲಿ ಮುಳುಗಿಸುತ್ತದೆ. 4000 ಎರಡಕ್ಕೂ ನ್ಯಾಯ ಕೊಟ್ಟಿತು.

ಡಿಮ್ಮರ್ ಇಲ್ಲ. ಎರಡು ಪಟ್ಟಿಗೆ ಕಂಬದ ಮೇಲೆ ಎರಡು ಸ್ವಿಚ್. ಬಿಳಿ ಬಟ್ಟೆಗೆ ಒಂದು ಸಾಕು, ಕರಿ ಸೀರೆಗೆ ಎರಡೂ.

ಬುಡ, ತೋಳು, ತಲೆ

ತಲೆಯ ಶೇಡ್ 1.5 ಮಿ.ಮೀ. ಅಲ್ಯೂಮಿನಿಯಂ ಹಾಳೆ, ಬಗ್ಗಿಸುವ ಮುಂಚೆ 320 × 110 ಮಿ.ಮೀ., ತೂಕ 140 ಗ್ರಾಂ ಚಿಲ್ಲರೆ. ಇದೇ ಅಳತೆಯನ್ನು ಕಬ್ಬಿಣದಲ್ಲಿ ಮಾಡಿದರೆ 415 ಗ್ರಾಂ, ಮತ್ತು ಶಾಖ ಒಯ್ಯುವುದರಲ್ಲಿ ಅಲ್ಯೂಮಿನಿಯಂನ ಕಾಲು ಪಾಲು. ಶಾಖದ ಮಾತು ಯಾಕೆಂದರೆ 8.6 ವ್ಯಾಟಿನಲ್ಲಿ ಸುಮಾರು 6 ವ್ಯಾಟ್ ಬಿಸಿಯಾಗಿಯೇ ಹೋಗುತ್ತದೆ. ಪಟ್ಟಿಯನ್ನು ಸಣ್ಣ ಚಾನೆಲ್ಲಿನಲ್ಲಿ ಕೂರಿಸಿ ಚಾನೆಲ್ಲನ್ನು ಪ್ಲಾಸ್ಟಿಕ್ ಶೇಡಿಗೆ ಹಚ್ಚಿದರೆ ಅದು ಕೋಣೆಗಿಂತ 28 ಡಿಗ್ರಿ ಹೆಚ್ಚು ಕಾಯುತ್ತದೆ, ಏಪ್ರಿಲ್‌ನಲ್ಲಿ ಕೈಯಿಡಲಾಗದು. ಪಟ್ಟಿಯನ್ನು ನೇರವಾಗಿ ಅಲ್ಯೂಮಿನಿಯಂ ಶೇಡಿನ ಒಳಮೈಗೆ ಅಂಟಿಸಿದರೆ ಶೇಡೇ ಶಾಖ ಚೆಲ್ಲುವ ರೆಕ್ಕೆಯಾಗಿ ಏರಿಕೆ 12 ಡಿಗ್ರಿಯ ಸುಮಾರಿಗೆ ಇಳಿಯುತ್ತದೆ. ಮಡಿಲಿಗೆ ಇಷ್ಟು ಹತ್ತಿರದ ದೀಪಕ್ಕೆ ಈ ವ್ಯತ್ಯಾಸ ದೊಡ್ಡದು. ಪೌಡರ್ ಕೋಟಿಂಗ್ ಮಾಡುವಾಗ ಪಟ್ಟಿ ಕೂರುವ ಜಾಗಕ್ಕೆ ಟೇಪ್ ಹಚ್ಚಿ ಬರಿಮೈ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಒಳಗಿನ ಉಳಿದ ಭಾಗ ಹೊಳಪಿಲ್ಲದ ಬಿಳಿ, ಹೊರಗೆ ಬೂದು.

ತೋಳು 12 ಮಿ.ಮೀ. ಚೌಕದ ಅಲ್ಯೂಮಿನಿಯಂ ಕೊಳವೆ, 1.2 ಮಿ.ಮೀ. ದಪ್ಪ, 45 ಸೆಂ.ಮೀ. ಉದ್ದ. ಕಂಬ 19 ಮಿ.ಮೀ. ಕಬ್ಬಿಣದ ದುಂಡು ಪೈಪು, 16 ಗೇಜ್, 35 ಸೆಂ.ಮೀ. ಬುಡ 220 × 220 × 10 ಮಿ.ಮೀ. ಕಬ್ಬಿಣದ ಪ್ಲೇಟು, ತೂಕ 3.8 ಕಿಲೋ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕತ್ತರಿಸಿ, ಬಗ್ಗಿಸಿ, ಬಣ್ಣ ಕಾಯಿಸಿ ತಂದದ್ದು.

3.8 ಕಿಲೋ ಕಂಡು ಎಲ್ಲರೂ ಹೌಹಾರಿದರು. ಅದರ ಲೆಕ್ಕ ಹೀಗಿದೆ. ಜೋಡಿಸಿದ ತಲೆ 350 ಗ್ರಾಂ. ಕಂಬ ಪ್ಲೇಟಿನ ನಡುಮಧ್ಯ ನಿಂತರೆ ತಲೆ ಪ್ಲೇಟಿನ ಅಂಚಿನಿಂದ 34 ಸೆಂ.ಮೀ. ಆಚೆ ಚಾಚಿರುತ್ತದೆ. ತೂಕವನ್ನು ಅಂಚಿನಿಂದಿರುವ ದೂರದಿಂದ ಗುಣಿಸಿದರೆ ತಲೆಯದು 11.9, ತೋಳು ಮತ್ತು ಕೀಲಿನದು 2.1, ಒಟ್ಟು 14 ಕಿಲೋ-ಸೆಂ.ಮೀ. ಬೀಳಿಸುವ ಬಲ. ಹಿಡಿದಿಡುವುದು 3.8 × 11, ಸುಮಾರು 42. ಮೂರು ಪಟ್ಟು ಸಾಲದೇ ಎನಿಸಬಹುದು. ಆದರೆ ಏಳುವಾಗ ತಲೆಯ ಮೇಲೆ ಕೈಯೂರಿದರೆ 800 ಗ್ರಾಂ ಭಾರಕ್ಕೇ ದೀಪ ಮಗುಚುತ್ತದೆ. ಕಂಬವನ್ನು 6 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಅದೇ ಪ್ಲೇಟು 1.1 ಕಿಲೋ ತಡೆಯುತ್ತದೆ, ಒಂದು ಗ್ರಾಂ ಕಬ್ಬಿಣ ಹೆಚ್ಚಿಸದೆ. ತೋಳು ಪೂರ್ತಿ ಹಿಂದಕ್ಕೆ ತಿರುಗಿದರೆ ಮಾತ್ರ ಲೆಕ್ಕ ತಿರುಗುಮುರುಗಾಗಿ 600 ಗ್ರಾಮಿಗೆ ಇಳಿಯುವುದರಿಂದ ಕಂಬಕ್ಕೊಂದು ಪಿನ್ ಹೊಡೆದು ತೋಳಿನ ಸುತ್ತಾಟವನ್ನು ಮುಂದಿನ ಅರ್ಧ ವೃತ್ತಕ್ಕೆ ಕಟ್ಟಿಹಾಕಲಾಗಿದೆ.

ಕೀಲಿನ ವಿಷಯದಲ್ಲಿ ಸ್ಪ್ರಿಂಗ್ ತೋಳು ಯಾಕಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಂಗ್ಲೆಂಡಿನ ಜಾರ್ಜ್ ಕಾರ್ವಾರ್ಡೈನ್ 1932ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಆಂಗಲ್‌ಪಾಯಿಸ್ ದೀಪದಲ್ಲಿ ಸ್ಪ್ರಿಂಗಿನ ಎಳೆತ ತೋಳಿನ ಭಾರವನ್ನು ಸರಿತೂಗುತ್ತದೆ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಮೇಜಿಗೆ ಅದನ್ನು ಮೀರಿಸಿದ್ದು ಕಡಿಮೆ. ಇಲ್ಲಿ ಬೇಡವಾದದ್ದಕ್ಕೆ ಕಾರಣ ಸೀದಾ: ತೆರೆದ ಸ್ಪ್ರಿಂಗಿನ ಸಂದಿಗೆ ರೇಷ್ಮೆಯ ಸೆರಗು ಸಿಕ್ಕಿಕೊಂಡರೆ ಸೀರೆಯೇ ಹೋಯಿತು. ಹಾಗಾಗಿ ತಿಕ್ಕಾಟದ ಕೀಲು. ಎಂ6 ಬೋಲ್ಟು, ಎರಡೂ ಕಡೆ 30 ಮಿ.ಮೀ. ಫೈಬರ್ ವಾಷರ್, ಒಂದು ಡಿಸ್ಕ್ ಸ್ಪ್ರಿಂಗ್ ವಾಷರ್, ತಾನಾಗಿ ಸಡಿಲವಾಗದ ನೈಲಾಕ್ ನಟ್ಟು. ತೋಳಿನ ಬುಡದ ಕೀಲು ಹಿಡಿಯಬೇಕಾದದ್ದು ಸುಮಾರು 2 ನ್ಯೂಟನ್-ಮೀಟರ್. ಡಿಸ್ಕ್ ಸ್ಪ್ರಿಂಗ್ ಬಿಟ್ಟು ಬರೀ ನಟ್ಟು ಬಿಗಿದರೂ ಮೊದಲ ದಿನ ನಿಲ್ಲುತ್ತದೆ. ಫೈಬರ್ ಕೂದಲೆಳೆಯಷ್ಟು ಸವೆದ ಕೂಡಲೇ ಬಿಗಿ ಮಾಯವಾಗಿ ತೋಳು ಜೋಲುತ್ತದೆ. ಸವೆದಷ್ಟೂ ಹಿಂದೆಯೇ ಒತ್ತುತ್ತ ಬರುವುದು ಡಿಸ್ಕ್ ಸ್ಪ್ರಿಂಗಿನ ಕೆಲಸ.

ವೈರಿಂಗ್

ಆರು ದೀಪಕ್ಕೂ ಸೇರಿ 52 ವ್ಯಾಟ್. ಗೋಡೆಯ ಮೇಲೆ ಪೆಟ್ಟಿಗೆಯೊಳಗೆ ಒಂದೇ 24 ವೋಲ್ಟ್, 75 ವ್ಯಾಟಿನ ಎಸ್‌ಎಂಪಿಎಸ್ (ಮನೆಯ 230 ವೋಲ್ಟನ್ನು 24ಕ್ಕೆ ಇಳಿಸುವ ಸಾಧನ), ಅದರ ಮೈಗೆ ಅರ್ಥಿಂಗ್. ನೆಲಕ್ಕೆ ಇಳಿಯುವುದು 24 ವೋಲ್ಟ್ ಮಾತ್ರ. ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ಮನೆಯಲ್ಲಿ 230 ವೋಲ್ಟಿನ ಕಬ್ಬಿಣದ ದೀಪವನ್ನು ನೆಲದ ಮೇಲಿಡುವುದು ಸರಿಯಲ್ಲ. 12 ವೋಲ್ಟ್ ಪಟ್ಟಿ ಅಗ್ಗ, ಆದರೆ ಕರೆಂಟು ಇಮ್ಮಡಿ. 6 ಮೀಟರ್ ದೂರಕ್ಕೆ 1 ಚದರ ಮಿ.ಮೀ. ವೈರಿನಲ್ಲಿ 24 ವೋಲ್ಟಿಗೆ ನಷ್ಟ 0.44 ವೋಲ್ಟ್, ನೂರಕ್ಕೆ 2ಕ್ಕೂ ಕಡಿಮೆ. 12 ವೋಲ್ಟಿಗೆ 0.9, ನೂರಕ್ಕೆ 7ರ ಮೇಲೆ, ಕೊನೆಯ ದೀಪ ಮಂಕಾಗಿ ಕಾಣುತ್ತದೆ. ಕರೆಂಟು ಹೋದಾಗ ಮನೆಯ ಇನ್ವರ್ಟರ್ ಮೇಲೆ ಇಡೀ ಸಾಲು ನಡೆಯುತ್ತದೆ.

ಮಾಳಿಗೆಯ ಟ್ಯೂಬು ಆರಿಸಬಾರದು. ಮಡಿಲಲ್ಲಿ ಮಾತ್ರ ಬೆಳಕು, ಸುತ್ತ ಕತ್ತಲೆ ಇದ್ದರೆ ತಲೆಯೆತ್ತಿದಾಗಲೆಲ್ಲ ಕಣ್ಣು ಹೊಂದಿಕೊಳ್ಳಬೇಕು, ಸಂಜೆಗೆ ತಲೆನೋವು. ಗೋಡೆಗೆ ಸುಣ್ಣ ಹೊಡೆಸಿದ್ದರಿಂದ ಸುತ್ತಲಿನ 90 ಲಕ್ಸ್ 130 ದಾಟಿತು.

ಬಳಸತೊಡಗಿದ ಮೇಲೆ

ಕೆಟ್ಟ ಮೊದಲ ಭಾಗ ವೈರು. ಕೀಲಿನ ಒಳಗೆ ಬಿಗಿಯಾಗಿ ಎಳೆದಿದ್ದ ಪಿವಿಸಿ ವೈರು ಬಗ್ಗಿ ಬಗ್ಗಿ ಬೆಸುಗೆಯ ಬುಡದಲ್ಲೇ ತುಂಡಾಯಿತು. ಸಣ್ಣ ಎಳೆಗಳ ಸಿಲಿಕಾನ್ ವೈರು ಹಾಕಿ, ಕೀಲಿನ ಹೊರಗೆ ಬೆರಳು ತೂರುವಷ್ಟು ಸಡಿಲ ಕುಣಿಕೆ ಬಿಟ್ಟು, ಬೆಸುಗೆಯ ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಎಳೆದ ಮೇಲೆ ನಿಂತಿತು. ಎರಡನೆಯದು ಅಂಚು. ಕತ್ತರಿಸಿದ ಅಲ್ಯೂಮಿನಿಯಂ ಹಾಳೆಯ ಅಂಚನ್ನು ಅರ ಹಾಕಿ ಉಜ್ಜಿದ್ದರೂ ರೇಷ್ಮೆಯ ಎಳೆ ಹಿಡಿಯುತ್ತಿತ್ತು. ಬೆರಳಿಗೆ ತಾಗದ ಮುಳ್ಳು ರೇಷ್ಮೆಗೆ ತಾಗುತ್ತದೆ. ಅಂಚನ್ನು 6 ಮಿ.ಮೀ. ಒಳಕ್ಕೆ ಮಡಿಚಿಸಬೇಕು, ಪರೀಕ್ಷೆಗೆ ಹಳೇ ನೈಲಾನ್ ಕಾಲುಚೀಲವನ್ನು ಕೈಗೆ ಹಾಕಿಕೊಂಡು ದೀಪದ ಮೈಯೆಲ್ಲ ಸವರಿದರೆ ಸಾಕು, ಎಲ್ಲಿ ಹಿಡಿಯಿತೋ ಅಲ್ಲಿ ಮುಳ್ಳು.

ಎದುರುಬದುರು ಕೂತು ಮಾತಾಡುತ್ತ ಕೆಲಸ ಮಾಡುವ ರೂಢಿ ಇನ್ನೊಂದು ತೊಡಕು ತಂದಿತು. ನನ್ನ ದೀಪದ ಮರೆ ನನ್ನ ಕಣ್ಣಿಗೇ ಹೊರತು ಎದುರು ಕೂತವರಿಗಲ್ಲ. ಓರೆ ಬೆಳಕಿನ ಕುಳ್ಳ ದೀಪದಲ್ಲಿ ಇದು ತಪ್ಪದು. ಪಕ್ಕದ ಮರೆಯನ್ನು 25 ಮಿ.ಮೀ. ಉದ್ದ ಮಾಡಿಸಿ, ಕೂರುವ ಸಾಲನ್ನು ಕೊಂಚ ಓರೆಯಾಗಿಸಿದ ಮೇಲೆ “ನಿಮ್ಮ ದೀಪಾ ನಮ್ಮ ಕಣ್ಣಾಗ ಹೊಡಿತೈತವ್ವಾ” ಎಂಬ ದೂರು ನಿಂತಿತು. ಮಾತು ನಿಲ್ಲಲಿಲ್ಲ.

ಎಳೆ ಸಡಿಲವಿರುವ ಹತ್ತಿಯ ಕರಿ ಬಟ್ಟೆಗೆ ದೀಪಕ್ಕಿಂತ ಹಳೆಯ ಉಪಾಯವೇ ಮೇಲು: ಮಡಿಲಲ್ಲಿ ಬಿಳಿ ಬಟ್ಟೆ ಹಾಸಿಕೊಳ್ಳುವುದು. ಸಂದಿನಿಂದ ಇಳಿದ ಬೆಳಕು ಬಿಳಿಗೆ ತಾಗಿ ಮೇಲೆ ಬಂದು ತೂತುಗಳು ಮಿನುಗುತ್ತವೆ. ಒತ್ತು ನೇಯ್ಗೆಯ ಚಂದ್ರಕಾಳಿಗೆ ಅದು ನಡೆಯುವುದಿಲ್ಲ. ಭೂತಗನ್ನಡಿಯ ದೀಪವನ್ನೂ ಇಬ್ಬರು ಹಿರಿಯರು ಕೇಳಿದ್ದರು. ಕನ್ನಡಿ ಕೈಯ ದೂರವನ್ನು ಕಟ್ಟಿಹಾಕುತ್ತದೆ, ತಲೆಯ ತೂಕ ಏರಿ ಬುಡದ ಲೆಕ್ಕ ಕೆಡಿಸುತ್ತದೆ, ಬೆಳಗಿನ ಬಿಸಿಲು ಅದರ ಮೂಲಕ ಬಿದ್ದರೆ ಬಟ್ಟೆ ಸುಡುತ್ತದೆ. ಹತ್ತಿರದ ದೃಷ್ಟಿಯ ಕನ್ನಡಕದ ನಂಬರ್ ಹೊಸದಾಗಿ ನೋಡಿಸಿದ್ದೇ ಹೆಚ್ಚು ಕೆಲಸಕ್ಕೆ ಬಂತು.

ಹಾಳೆಯ ಮೇಲಿನ ಧೂಳನ್ನು ವಾರಕ್ಕೊಮ್ಮೆ ಒದ್ದೆ ಹತ್ತಿ ಬಟ್ಟೆಯಲ್ಲಿ ಒರೆಸಬೇಕು. ಸ್ಪಿರಿಟ್, ಥಿನ್ನರ್ ತಾಗಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಪ್ಲೇಟಿನ ಅಡಿಯ ನಾಲ್ಕು ರಬ್ಬರ್ ಕಾಲು 4 ಮಿ.ಮೀ.ಗಿಂತ ಕುಳ್ಳಾದರೆ ನೆಲ ಒರೆಸಿದ ನೀರು ಅಡಿಗೆ ನಿಂತು ಅಂಚಿನಿಂದ ತುಕ್ಕು ಶುರುವಾಗುತ್ತದೆ. ಆರು ಮಂದಿಯಲ್ಲಿ ಒಬ್ಬರು ಎಡಗೈಯಲ್ಲಿ ಸೂಜಿ ಹಿಡಿಯುವವರು. ಅವರ ದೀಪ ಬಲ ಮುಂದುಗಡೆ ನಿಲ್ಲಬೇಕು, ಸ್ವಿಚ್ ಅವರ ಕಡೆಗಿರಬೇಕು, ಉದ್ದದ ಮರೆ ಶೇಡಿನ ಇನ್ನೊಂದು ತುದಿಗೆ ಬರಬೇಕು. ಮರೆಯನ್ನು ರಿವೆಟ್ ಹೊಡೆಯದೆ ಸ್ಕ್ರೂನಲ್ಲಿ ಹಚ್ಚಿದ್ದರಿಂದ, ಕಂಬಕ್ಕೆ ಎರಡೂ ಮಗ್ಗುಲಲ್ಲಿ ಸ್ವಿಚ್ಚಿನ ತೂತು ಮೊದಲೇ ಇದ್ದುದರಿಂದ ಸ್ಕ್ರೂಡ್ರೈವರ್ ಒಂದರಲ್ಲೇ ಬದಲಾವಣೆ ಮುಗಿಯಿತು.